ಗೆದ್ದವರ ಸೌಟು

ನಮ್ಮ ಹೈಸ್ಕೂಲಿನ ಫುಟ್‌ಬಾಲ್ ತಂಡಕ್ಕೆ ದೊಡ್ಡ ಇತಿಹಾಸವಿದೆ. ಗೆಲುವಿನ ಇತಿಹಾಸ ಎಂದು ನಾನೇನೂ ಹೇಳಲಿಲ್ಲ. ನೀವು ಹಾಗಂದುಕೊಂಡರೆ ಅದಕ್ಕೆ ನಾನು ಹೊಣೆಯಲ್ಲ. ನಾನು ಅಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು. ಚೆಂಡು ದುಂಡಗಿದೆ ಎನ್ನುವುದನ್ನು ಬಿಟ್ಟರೆ ಆ ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಒಂದು ಸ್ಟಾಫ್ ಮೀಟಿಂಗಿನ ಮಧ್ಯೆ ನೀರು ಕುಡಿಯಲು ಎದ್ದುಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಪ್ರಿನ್ಸಿಪಾಲ್ ಸಿಸ್ಟರ್ ನನ್ನನ್ನು ತಂಡದ ಸಹಾಯಕ ಕೋಚ್ ಮಾಡಿಬಿಟ್ಟಿದ್ದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮುಖಗಳನ್ನೆಲ್ಲ ನಾನು ಇವತ್ತಿಗೂ ನೆನಪಿಟ್ಟುಕೊಂಡಿದ್ದೇನೆ.

ಊರಿನಲ್ಲಿ ಕ್ಯಾಥೊಲಿಕ್ ಹೈಸ್ಕೂಲುಗಳು ಎರಡು. ನಮ್ಮದು ಚರ್ಚಿನ ಪಕ್ಕ, ಇನ್ನೊಂದು ರೈಲ್ವೆ ಗೇಟಿನ ಆಚೆ. ವರ್ಷಕ್ಕೊಮ್ಮೆ ಎರಡೂ ತಂಡಗಳಿಗೆ ಪಂದ್ಯ. ಅಜ್ಜಂದಿರ ಕಾಲದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಗೆದ್ದವರು ಸೋತವರನ್ನು ಆಡಿಕೊಂಡರಂತೆ, ಸೋತವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರಂತೆ, ಚರ್ಚಿನ ಕಿಟಕಿ ಗಾಜುಗಳು ಪುಡಿಪುಡಿಯಾದವಂತೆ. ಆಗಿನ ಪಾದ್ರಿ ಒಂದು ಕಟ್ಟಳೆ ಮಾಡಿದರು. ಪಂದ್ಯ ಮುಗಿದ ಮೇಲೆ ಎರಡೂ ತಂಡ ಚರ್ಚ್ ಹಾಲಿನಲ್ಲಿ ಸೇರಬೇಕು. ಸೋತವರು ಕಿಟಕಿ ಕಡೆಯ ಬೆಂಚಿನಲ್ಲಿ ಕೂರಬೇಕು. ಗೆದ್ದವರು ಏಪ್ರನ್ ಕಟ್ಟಿ, ಒಂದೇ ಪಾತ್ರೆಯಿಂದ ಅವರಿಗೆ ಸೂಪು ಬಡಿಸಬೇಕು. ಸೋತ ಕೋಚಿಗೆ ಗೆದ್ದ ಕೋಚೇ ಬಡಿಸಬೇಕು. ಅವರದಾದ ಮೇಲೆ ಉಳಿದದ್ದು ಗೆದ್ದವರಿಗೆ, ಜೊತೆಗೆ ಪಾತ್ರೆ ತೊಳೆಯುವ ಕೆಲಸವೂ ಅವರಿಗೇ. ಯೇಸು ಶಿಷ್ಯರ ಕಾಲು ತೊಳೆಯಲಿಲ್ಲವೇ, ನೀವು ನಾಲ್ಕು ಬಟ್ಟಲು ತೊಳೆದರೆ ಸವೆದುಹೋಗುತ್ತೀರಾ ಎಂದು ಆ ಪಾದ್ರಿ ಕೇಳಿದ್ದರಂತೆ. ಅಂದಿನಿಂದ ಗಾಜು ಒಡೆದಿಲ್ಲ.

ಇದೆಲ್ಲ ಚೆಂದವೇ. ತೊಂದರೆ ಏನೆಂದರೆ, ಹತ್ತೊಂಬತ್ತು ವರ್ಷಗಳಿಂದ ನಾವು ಆ ಕಿಟಕಿ ಕಡೆಯ ಬೆಂಚು ಬಿಟ್ಟು ಎದ್ದಿರಲಿಲ್ಲ. ಬಡಿಸಿಕೊಂಡು ತಿನ್ನುವುದರಲ್ಲಿ ನಮ್ಮ ಹುಡುಗರು ಎಷ್ಟು ಪಳಗಿದ್ದರೆಂದರೆ, ಆಟದಲ್ಲಿ ಅದರ ಕಾಲುಭಾಗ ಪಳಗಿದ್ದರೂ ಸಾಕಿತ್ತು. ಸೂಪಿಗೆ ಮೆಣಸು ಹೆಚ್ಚಾಯಿತು, ಹೋದ ವರ್ಷದ ಬ್ರೆಡ್ಡು ಮೆತ್ತಗಿತ್ತು ಎಂದು ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಮೂಗು ಮುರಿಯುತ್ತಿದ್ದರು. ಗೇಟಿನಾಚೆಯವರ ಹತ್ತಿರ ಸ್ಕೂಲಿನ ಹೆಸರು ಹೊಲಿಸಿದ ಬಿಳಿ ಏಪ್ರನ್ನುಗಳಿದ್ದವು. ನಮ್ಮಲ್ಲಿ ಮದ್ದಿಗೆ ಬೇಕೆಂದರೂ ಒಂದು ಏಪ್ರನ್ ಇರಲಿಲ್ಲ. ಹೊಲಿಸುವ ಪ್ರಸಂಗವೇ ಬಂದಿರಲಿಲ್ಲ.

ಇನ್ನೂ ಕೆಲವು ಪದ್ಧತಿಗಳಿವೆ. ಪಂದ್ಯದ ಚೆಂಡಿಗೆ ಎರಡೂ ಸ್ಕೂಲಿನ ಪಾದ್ರಿಗಳು ಪವಿತ್ರ ಜಲ ಚಿಮುಕಿಸುತ್ತಾರೆ. ದೇವರು ಯಾರ ಕಡೆ ನಿಲ್ಲಬೇಕೋ ಅವನಿಗೇ ಗೊತ್ತು. ಆಟಕ್ಕೆ ಮುಂಚೆ ಚಾಪೆಲ್ಲಿನಲ್ಲಿ ಮಂಡಿಯೂರಿ ಪ್ರಾರ್ಥನೆ. ಆದರೆ ಗೆಲುವು ಕೊಡು ಎಂದು ಕೇಳುವಂತಿಲ್ಲ, ಯಾರ ಕಾಲೂ ಮುರಿಯದಿರಲಿ ಎಂದಷ್ಟೇ ಕೇಳಬೇಕು. ಈ ಮೊರೆಯನ್ನು ದೇವರು ವರ್ಷ ವರ್ಷವೂ ತಪ್ಪದೆ ನಡೆಸಿಕೊಟ್ಟಿದ್ದಾನೆ. ನಮ್ಮ ಹುಡುಗರು ಓಡಿದರೆ ತಾನೆ ಕಾಲು ಮುರಿಯುವುದು.

ಈ ಹತ್ತೊಂಬತ್ತು ವರ್ಷವೂ ನಮ್ಮ ಕೋಚ್ ಒಬ್ಬರೇ, ನಮ್ಮ ಸ್ಕೂಲಿನ ಫಾದರ್. ವಯಸ್ಸಾದವರು, ಮಂಡಿ ನೋವಿನವರು, ದಪ್ಪ ಕನ್ನಡಕ, ಬಿಳಿ ನಿಲುವಂಗಿಯ ಕೆಳಗೆ ಕ್ಯಾನ್‌ವಾಸ್ ಶೂ. ಹುಡುಗರು ಬೆನ್ನ ಹಿಂದೆ ಅವರನ್ನು ಸೊನ್ನೆ ಫಾದರ್ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಂದು ದಿನವೂ ಮನಸ್ಸಿಗೆ ಹಚ್ಚಿಕೊಂಡವರಲ್ಲ. ಸೋತು ಬಂದ ಹುಡುಗನ ಹೆಗಲ ಮೇಲೆ ಕೈಹಾಕಿ, ಹಸಿವಾಯಿತಾ ಎಂದು ಕೇಳುವ ಮನುಷ್ಯ. ನನಗೆ ಜನರ ಮೇಲೆ ಅಷ್ಟು ಸುಲಭಕ್ಕೆ ಪ್ರೀತಿ ಬರುವುದಿಲ್ಲ. ಇವರ ಮೇಲೆ ಬಂದುಬಿಟ್ಟಿತ್ತು, ಏನು ಮಾಡಲಿ.

ಈ ಸಲ ಪಂದ್ಯಕ್ಕೆ ಒಂದು ವಾರವಿದ್ದಾಗ ನಾವಿಬ್ಬರೂ ಸ್ಪೋರ್ಟ್ಸ್ ರೂಮಿನಲ್ಲಿ ಜೆರ್ಸಿ ಮಡಚುತ್ತಿದ್ದೆವು. ಸುಣ್ಣದ ಪುಡಿ, ಒದ್ದೆ ಸಾಕ್ಸು ಎಲ್ಲ ಸೇರಿ ವಾಸನೆಯಲ್ಲಿ ನನ್ನ ಲ್ಯಾಬನ್ನೂ ಮೀರಿಸುವ ರೂಮು ಅದು. ಪಂದ್ಯದ ಮರುವಾರ ತಮ್ಮನ್ನು ನಿವೃತ್ತ ಪಾದ್ರಿಗಳ ಮನೆಗೆ ಕಳಿಸುತ್ತಾರೆ, ಬಿಷಪ್ಪರ ಆದೇಶ ಬಂದಾಗಿದೆ ಎಂದು ಫಾದರ್ ಹೇಳಿದರು. ನಾಳೆ ಸ್ಕೂಲಿಗೆ ರಜೆ ಎನ್ನುವಷ್ಟೇ ಸಲೀಸಾಗಿ ಹೇಳಿದರು. ಆ ಮನೆ ಇರುವುದು ದೂರದ ಊರಿನಲ್ಲಿ. ಅಲ್ಲಿಗೆ ಹೋದವರು ವಾಪಸು ಬರುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು. ಯಾರಿಗೂ ಹೇಳಬೇಡಿ ಎಂದರು. ಆಮೇಲೆ ಒಂದೇ ಜೆರ್ಸಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ, ಕೊನೆಗೆ ಬಾಯಿಬಿಟ್ಟರು.

“ಕಪ್ಪು ಗಿಪ್ಪು ಏನೂ ಬೇಡ ಮೇಡಂ. ಒಂದೇ ಒಂದು ಸಲ ಆ ಸೌಟು ಹಿಡಿದು ಬಡಿಸಬೇಕು ಅಂತ ಆಸೆ. ಇಷ್ಟು ವರ್ಷ ಬರೀ ಕೂತು ತಿಂದಿದ್ದೇ ಆಯ್ತು.”

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಇಡೀ ಸ್ಟಾಫ್ ರೂಮಿಗೇ ಗೊತ್ತು, ಫಾದರಿಗೆ ಮಾತ್ರ ಗೊತ್ತಿರಲಿಲ್ಲ. ಮಾರನೆಯ ದಿನವೇ ಹುಡುಗರನ್ನು ಲ್ಯಾಬಿಗೆ ಕರೆದು, ಬಾಗಿಲು ಹಾಕಿ, ಎಲ್ಲ ಹೇಳಿಬಿಟ್ಟೆ. ಫಾದರ್ ಹೋಗುತ್ತಿದ್ದಾರೆ, ಅವರಿಗೆ ಇದೇ ಕೊನೆಯ ಪಂದ್ಯ, ಅವರ ಕೈಗೆ ಸೌಟು ಬರಬೇಕು. ನಮ್ಮ ಕ್ಯಾಪ್ಟನ್‌ಗೆ ಗೂಟ ಎಂದು ಅಡ್ಡಹೆಸರು. ಗೋಲಿನ ಮುಂದೆ ನಿಂತನೆಂದರೆ ನಿಂತ ಜಾಗ ಬಿಟ್ಟು ಕದಲದವನು. ಅವನೇ ಮೊದಲು, ಬಡಿಸಿಬಿಡೋಣ ಮೇಡಂ ಎಂದ. ಅವತ್ತಿನಿಂದ ಪ್ರಾಕ್ಟೀಸಿಗೆ ಚಕ್ಕರ್ ಹೊಡೆಯುವುದು ನಿಂತಿತು. ಪಂದ್ಯದ ದಿನ ಚಾಪೆಲ್ಲಿನಲ್ಲಿ ಅವರು ಬರೀ ಕಾಲಿನ ವಿಷಯವನ್ನೇ ಕೇಳಿಕೊಂಡರೆಂದು ನಾನು ಪ್ರಮಾಣ ಮಾಡಲಾರೆ. ದೇವರೊಡನೆ ನನಗೆ ಅಷ್ಟೇನೂ ಮಾತುಕತೆಯಿಲ್ಲ. ಆದರೂ ಹಿಂದಿನ ಸಾಲಿನಲ್ಲಿ ಕುಳಿತು ನಾನೂ ಕದ್ದು ಒಂದು ಗೆಲುವು ಕೇಳಿಕೊಂಡೆ.

ಪಂದ್ಯದ ವರ್ಣನೆ ನನ್ನಿಂದಾಗದು. ಚೆಂಡು ಮಾತ್ರ ನಮ್ಮ ಗೋಲಿನ ಮುಂದೆಯೇ ಠಿಕಾಣಿ ಹೂಡಿತ್ತು. ನಮ್ಮ ಹುಡುಗರು ಎದೆ, ಹೊಟ್ಟೆ, ಮುಖ, ಯಾವುದು ಸಿಕ್ಕರೆ ಅದನ್ನು ಅಡ್ಡ ಕೊಟ್ಟರು. ಇನ್ನೇನು ಮುಗಿಯಿತು ಎನ್ನುವಾಗ ನಮಗೊಂದು ಕಾರ್ನರ್ ಸಿಕ್ಕಿತು. ಗೂಟ ಜನ್ಮದಲ್ಲಿ ಮೊದಲ ಬಾರಿಗೆ ನಡುಗೆರೆ ದಾಟಿ ಆ ಕಡೆಗೆ ಹೋದ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಫಾದರ್ ಕಡೆ ತಿರುಗಿ ಕೈಸನ್ನೆಯಲ್ಲಿ ಕೇಳುತ್ತಿದ್ದ. ಚೆಂಡು ಹಾರಿ ಬಂದು ಅವನ ಬೆನ್ನಿಗೆ ಬಡಿದು, ನೇರ ಬಲೆಯೊಳಗೆ ಹೋಯಿತು. ಅವರ ಗೋಲ್‌ಕೀಪರ್ ನೋಡುತ್ತಲೇ ನಿಂತ. ಗೋಲು ಹೊಡೆದವನಿಗೆ ಗೋಲಾಗಿದೆ ಕಣೋ ಎಂದು ಬೇರೆಯವರು ಹೇಳಬೇಕಾಯಿತು. ಕೊನೆಯ ಸೀಟಿ ಕೇಳಿದಾಗ ನಾನು ಪ್ರಿನ್ಸಿಪಾಲ್ ಸಿಸ್ಟರನ್ನು ತಬ್ಬಿಕೊಂಡಿದ್ದೆ. ಅದಕ್ಕೆ ನಮ್ಮಿಬ್ಬರಿಗೂ ಇನ್ನೂ ನಾಚಿಕೆಯಿದೆ. ಫಾದರ್ ಮಾತ್ರ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸುತ್ತಿದ್ದರು.

ಈಗ ಕೇಳಿ ನಮ್ಮ ಜಾಣತನ. ಕುಣಿದು ಕುಪ್ಪಳಿಸಿ, ಗೂಟನನ್ನು ಹೆಗಲ ಮೇಲೆ ಹೊತ್ತು ಚರ್ಚ್ ಹಾಲಿಗೆ ನುಗ್ಗಿದೆವು. ನುಗ್ಗಿದವರು ಸೀದಾ ಹೋಗಿ ಕಿಟಕಿ ಕಡೆಯ ಬೆಂಚಿನಲ್ಲಿ ಕುಳಿತೆವು. ಕಾಲು ತಾನಾಗಿಯೇ ಅಲ್ಲಿಗೆ ಹೋಯಿತು. ಅತ್ತ ಗೇಟಿನಾಚೆಯ ಹುಡುಗರು ತಲೆ ತಗ್ಗಿಸಿಕೊಂಡು ಬಂದರು, ಬ್ಯಾಗಿನಿಂದ ಏಪ್ರನ್ ತೆಗೆದು ಕಟ್ಟಿಕೊಂಡರು, ಬಡಿಸತೊಡಗಿದರು. ಅವರ ಕೋಚ್, ಪೊದೆ ಮೀಸೆಯ ದೊಡ್ಡ ಆಳು, ಎಂದಿನಂತೆ ಫಾದರ್ ಬಟ್ಟಲಿಗೆ ಸೂಪು ಹಾಕಿದರು. ಫಾದರ್ ಎಂದಿನಂತೆ ಕರವಸ್ತ್ರವನ್ನು ಕೊರಳಿಗೆ ಸಿಕ್ಕಿಸಿಕೊಂಡು ಎರಡು ಚಮಚ ಕುಡಿದರು. ಇಡೀ ಹಾಲಿನಲ್ಲಿ ಒಬ್ಬರಿಗೂ ಏನೂ ತಪ್ಪು ಕಾಣಲಿಲ್ಲ. ಈ ಸೌಟಿಗಾಗಿ ವಾರವಿಡೀ ನಿದ್ದೆಗೆಟ್ಟ ನಾನೇ ಇನ್ನೊಂದು ತುಂಡು ಬ್ರೆಡ್ಡು ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಬ್ರೆಡ್ಡಿನ ಬುಟ್ಟಿ ಹಿಡಿದಿದ್ದವನು ಅವರ ಗೋಲ್‌ಕೀಪರ್. ಅವನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಫಾದರ್ ಚಮಚ ಕೆಳಗಿಟ್ಟರು.

“ಯಾಕಪ್ಪಾ ಅಳ್ತಿದ್ದೀಯ? ಗೆದ್ದಿದ್ದೀರಲ್ಲ?”

“ಇಲ್ಲ ಫಾದರ್,” ಹುಡುಗ ಮೂಗು ಒರೆಸಿಕೊಂಡ. “ಗೆದ್ದಿರೋದು ನೀವು.”

ಬಾಯಿಯ ಹತ್ತಿರ ಹೋಗಿದ್ದ ಚಮಚಗಳೆಲ್ಲ ಅಲ್ಲೇ ನಿಂತವು. ಯಾರೋ ಕಿಸಕ್ಕೆಂದರು. ಆಮೇಲೆ ಎರಡೂ ಕಡೆಯವರು ಬೆಂಚು ಅಲ್ಲಾಡುವ ಹಾಗೆ ನಕ್ಕರು. ಫಾದರ್ ನಗಲಿಲ್ಲ. ಮೇಜು ಹಿಡಿದು ಮೆಲ್ಲಗೆ ಎದ್ದು, ಪಾತ್ರೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. ನಾನೂ ಹಿಂದೆಯೇ ಹೋಗಿ ನೋಡಿದೆ. ತಳದಲ್ಲಿ ಎರಡು ಸೌಟು ಉಳಿದಿದ್ದರೆ ಹೆಚ್ಚು. ಮಿಕ್ಕಿದ್ದೆಲ್ಲ ನಮ್ಮ ಬಟ್ಟಲುಗಳಿಗೆ ಬಿದ್ದಾಗಿತ್ತು. ಇಷ್ಟು ವರ್ಷ ಕಾದು ಕೊನೆಗೂ ಗೆದ್ದ ಮನುಷ್ಯನಿಗೆ ಬಡಿಸಲು ಏನೂ ಇರಲಿಲ್ಲ. ಎಲ್ಲರ ಮೇಲೂ ಸಿಟ್ಟು ಬಂತು, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ.

ಗೂಟ ಎದ್ದ. ತನ್ನ ಬಟ್ಟಲಿನ ಸೂಪನ್ನು ತಂದು ಪಾತ್ರೆಗೆ ವಾಪಸು ಸುರಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಎಂಜಲು ಕಣ್ರೋ, ಅವರಿಗೆ ಹೇಗೆ ಕೊಡುತ್ತೀರಿ ಎಂದು ನಾನು ಗದರಿದೆ. ಅಷ್ಟರಲ್ಲಿ ಮೀಸೆ ಕೋಚ್ ಏಪ್ರನ್ ಬಿಚ್ಚಿ, ನಾವು ಬಿಟ್ಟೆದ್ದ ಬೆಂಚಿಗೆ ಹೋಗಿ ಕುಳಿತರು.

“ಎಂಜಲು ಅಂತ ನೋಡೋರು ಇಲ್ಲಿ ಯಾರೂ ಇಲ್ಲ ಮೇಡಂ,” ಎಂದರು. “ಬಡಿಸಿ ಫಾದರ್. ನಾವೂ ಒಂದು ಸಲ ಕೂತು ತಿಂತೀವಿ.”

ಅವರ ಹುಡುಗರೆಲ್ಲ ಬಂದು ಅವರ ಪಕ್ಕ ಕುಳಿತರು. ಗೋಲ್‌ಕೀಪರ್ ತನ್ನ ಏಪ್ರನ್ ಬಿಚ್ಚಿ ಫಾದರಿಗೆ ಕಟ್ಟಿದ. ಅವರ ಬೆರಳುಗಳಿಗೆ ಗಂಟು ಹಾಕಲು ಆಗುತ್ತಿರಲಿಲ್ಲ. ಫಾದರ್ ಸೌಟು ಹಿಡಿದರು. ಮೊದಲ ಸೌಟಿನ ಅರ್ಧ ಸೂಪು ಮೀಸೆ ಕೋಚಿನ ತೋಳಿನ ಮೇಲೆಯೇ ಬಿತ್ತು. ಕೋಚ್ ಕದಲಲಿಲ್ಲ. ನಾನು ನೆರವಿಗೆಂದು ಮುಂದೆ ಹೋದೆ, ಗೂಟ ನನ್ನನ್ನು ಮೊಣಕೈ ಹಿಡಿದು ನಿಲ್ಲಿಸಿದ. ಫಾದರ್ ಒಬ್ಬೊಬ್ಬನ ಮುಂದೆಯೂ ನಿಂತು, ಸಾಕಾ, ಬಿಸಿ ಇದೆಯಾ ಎಂದು ಕೇಳಿ ಕೇಳಿ ಬಡಿಸಿದರು. ಮುಖ ಅರಳಿತ್ತು. ಅಷ್ಟು ಸಂತೋಷವಾಗಿದ್ದ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ.

ಕೊನೆಯಲ್ಲಿ ಕುಳಿತಿದ್ದವನು ಆ ಗೋಲ್‌ಕೀಪರ್. ಅಷ್ಟು ಹೊತ್ತಿಗೆ ಅವನ ಅಳು ನಿಂತು ಹುಮ್ಮಸ್ಸು ಬಂದಿತ್ತು. ನೋಡ್ತಿರಿ ಫಾದರ್, ಮುಂದಿನ ವರ್ಷ ನಾವೇ ಗೆದ್ದು ನಾನೇ ನಿಮಗೆ ಬಡಿಸುತ್ತೇನೆ ಎಂದ.

“ಮುಂದಿನ ವರ್ಷ ನಾನು ಇಲ್ಲಿ ಇರಲ್ಲ ಮಗಾ,” ಎಂದರು ಫಾದರ್. “ಅದಕ್ಕೇ ಇವತ್ತೇ ಇನ್ನೊಂದು ಸೌಟು ಹಾಕಿಸ್ಕೋ.”

ಹುಡುಗ ಅವರ ಮುಖವನ್ನೇ ನೋಡಿದ, ಆಮೇಲೆ ಬಟ್ಟಲು ಮುಂದೆ ಹಿಡಿದ. ಬೆಂಚಿನ ಆ ತುದಿಯಲ್ಲಿ ಮೀಸೆ ಕೋಚ್ ತಮ್ಮ ಸೂಪನ್ನು ಗಟಗಟನೆ ಕುಡಿದು, ಬರಿದಾದ ಬಟ್ಟಲನ್ನು ಮತ್ತೆ ಮುಂದೆ ಹಿಡಿದರು. ಅವರನ್ನು ನೋಡಿ ಉಳಿದವರೆಲ್ಲ ಹಿಡಿದರು. ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಫಾದರ್ ತಳ ಕೆರೆದು ಕೆರೆದು ಒಬ್ಬೊಬ್ಬರಿಗೂ ಹನಿ ಹನಿ ಹಾಕುತ್ತಾ ಹೋದರು. ಒಬ್ಬನೂ ಸಾಕು ಎನ್ನಲಿಲ್ಲ.