ಖಾಲಿ ಕಾಟಾದ ತೂಕ

ಗೋಕುಲ ರಸ್ತೆಯ ಹತ್ತಿ ಮಿಲ್ಲಿನ ಕಂಪ್ಯೂಟರಿಗೆ ಆ ವರ್ಷ ಹೊಸ ಕಂಪೈಲರ್ ಹಾಕಿದ್ದೇ ತಡ, ಲಾರಿ ತೂಗುವ ಕಾಟಾದ ಹಳೆಯ ಪ್ರೋಗ್ರಾಂ ಮೊಂಡು ಹಿಡಿದು ಕೂತಿತು. ರಿಪೇರಿಗೆ ನನ್ನನ್ನು ಕರೆಸಿದರು. ಎಡಿಟರಿನಲ್ಲಿ ತೆರೆದರೆ ಪರದೆ ತುಂಬ ಎರರ್. ಒಂದೊಂದನ್ನೇ ತಿದ್ದುತ್ತ ಬಂದೆ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಸಾಲು ಉಳಿಯಿತು. ಪ್ರತಿ ತೂಕದಲ್ಲೂ ಅರವತ್ತು ಕಿಲೋ ಕಳೆಯುವ ಸಾಲು ಅದು.

ನನಗೆ ಮೈಯೆಲ್ಲ ಉರಿಯಿತು. "ರೈತರ ಹತ್ತಿ ಕದಿಯಾಕ ಕಂಪ್ಯೂಟರ್ ಬೇಕಾತೇನ್ರಿ ನಿಮಗ?" ಎಂದು ಕಾಟಾ ನೋಡಿಕೊಳ್ಳುವ ಮಹಾಂತಯ್ಯನವರನ್ನು ಜಾಡಿಸಿದೆ.

"ಅದನ್ನ ತೆಗೀಬ್ಯಾಡ್ರಿ ಮೇಡಂ," ಎಂದರು ಅವರು.

ತೆಗೆದೇಬಿಟ್ಟೆ. ಎರರ್ ಹೋಯಿತು, ಪ್ರೋಗ್ರಾಂ ಓಡಿತು. ಕಿಟಕಿಯಾಚೆ ಕಾಟಾದ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಪರದೆ ಮಾತ್ರ ಅರವತ್ತು ಕಿಲೋ ತೋರಿಸುತ್ತಿತ್ತು.

"ಮಣ್ಣು ಕುಂತಿರಬೇಕು, ತೊಳಸ್ರಿ."

"ಮುಂಜಾನೆನ ತೊಳಸೇನ್ರಿ." ಮಹಾಂತಯ್ಯ ದನಿ ತಗ್ಗಿಸಿದರು. "ಅಲ್ಲಿ ಯಾವಾಗಲೂ ಒಬ್ರು ನಿಂತಿರ್ತಾರ್ರಿ. ಅದಕ್ಕ ಅವರ ತೂಕ ಕಳೀತಿದ್ವಿ. ಲೆಕ್ಕಕ್ಕ ಹಿಡೀಲಿಲ್ಲಂದ್ರ ಅವರದೇನೂ ತ್ರಾಸಿಲ್ಲ."

ಸಿಟ್ಟಿನಲ್ಲೂ ನಗು ಬಂತು. ಅಷ್ಟರಲ್ಲಿ ಪರದೆಯ ಮೇಲಿನ ಅರವತ್ತು ತಾನಾಗಿಯೇ ಸೊನ್ನೆಯಾಯಿತು.

"ನೋಡ್ರಿ, ಸರಿ ಆತು," ಎಂದೆ.

ಮಹಾಂತಯ್ಯ ಪರದೆಯತ್ತ ನೋಡಲೇ ಇಲ್ಲ. ಕುರ್ಚಿಯಿಂದ ಎದ್ದು, ಅದನ್ನು ಅಂಗವಸ್ತ್ರದಿಂದ ಒರೆಸಿ, ತೆರೆದ ಬಾಗಿಲ ಕಡೆ ಕೈಮುಗಿದರು.

"ಬರ್ರಿ," ಎಂದರು. "ಕುಂದರ್ರಿ."