ಕಲ್ಮೇಶನ ಬೆನ್ನ ಮೇಲೆ

ನಾನು ಒಂದು ಚೀಲ. ಬೆನ್ನಿಗೆ ಹಾಕಿಕೊಳ್ಳುವ ಚೀಲ. ಹುಬ್ಬಳ್ಳಿಯ ಓಣಿಯೊಂದರಲ್ಲಿ ಮೌಲಾಸಾಬ್ ಎಂಬ ದರ್ಜಿ ಲಾರಿಯ ಹಳೆಯ ತಾಡಪತ್ರಿಯನ್ನು ಕತ್ತರಿಸಿ ನನ್ನನ್ನು ಹೊಲಿದ. ನನ್ನ ಬಾಯಿಗೆ ದಾರ ಪೋಣಿಸುತ್ತ, ಕೊಳ್ಳಲು ಬಂದವನಿಗೆ, "ಮೊದಲ ನೀ ಹರೀತಿ, ಆಮ್ಯಾಲ ಇದು ಹರೀತದ" ಎಂದ.

ಕೊಂಡವನು ವಿರೂಪಾಕ್ಷ, ಪದವಿ ಓದುತ್ತಿದ್ದ ಹುಡುಗ, ಯಾರ ದನಿಯನ್ನಾದರೂ ಅಣಕಿಸಬಲ್ಲವನು. ಬಸ್ಸಿನ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಹಾಸ್ಟೆಲ್ಲಿನ ಅಡುಗೆಯವ, ಅಡುಗೆಯವನ ಕುಕ್ಕರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಅವನ ಬೆನ್ನ ಮೇಲೆ ಕೂತು ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಒಂದು ಭಾನುವಾರ ಅವನು ಗೆಳೆಯರಾದ ದಾವಲ ಮತ್ತು ಕಲ್ಮೇಶರೊಡನೆ ಕುಮಟಾದ ಕಡೆ ಹೊರಟ. ಗುಡ್ಡ ಹತ್ತಿ, ಆಚೆ ಬದಿಯ ಕಡಲತೀರಕ್ಕೆ ಇಳಿದು ಈಜುವುದು ಅವರ ಯೋಜನೆ. ಮೂವರ ರೊಟ್ಟಿ, ಶೇಂಗಾ ಚಟ್ನಿ, ನೀರು, ಟವೆಲ್ಲು ಎಲ್ಲವೂ ನನ್ನ ಹೊಟ್ಟೆಯಲ್ಲಿದ್ದವು.

"ಚೀಲ ನಾ ಹೊರ್ತೀನಿ" ಎಂದ ಕಲ್ಮೇಶ.

"ಕಾಮಾಲಿ ಆಗಿ ಮೊನ್ನೆ ಎದ್ದೀಯಪಾ, ಬ್ಯಾಡ" ಎಂದ ದಾವಲ.

"ಅದಕ್ಕಽ ಹೊರ್ತೀನಿ."

ಯಾಕೆಂದು ಅವನು ಹೇಳಲಿಲ್ಲ. ಇವರು ಕೇಳಲೂ ಇಲ್ಲ. ಗುಡ್ಡದ ಬುಡದ ಚಹಾದಂಗಡಿಯಲ್ಲಿ ಅವನು ಮುಖ ತೊಳೆಯಲು ಹೋದಾಗ, ವಿರೂಪಾಕ್ಷ ಎರಡು ದಪ್ಪ ಕೆಂಪು ಕಲ್ಲುಗಳನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ತಳಕ್ಕೆ ತುರುಕಿದ. "ಕಲ್ಮೇಶಗ ಕಲ್ಲಽ ನೈವೇದ್ಯ!"

"ಪಾಪಲೇ..." ಎಂದ ದಾವಲ, ಆಮೇಲೆ ಅವನೂ ನಕ್ಕ.

ಅರ್ಧ ಗುಡ್ಡಕ್ಕೇ ಕಲ್ಮೇಶನ ಅಂಗಿ ತೊಯ್ದು ನನಗೆ ಅಂಟಿಕೊಂಡಿತು. ಅವನ ಎದೆಬಡಿತ ನನ್ನ ಹೊಲಿಗೆಗಳಿಗೆ ಕೇಳಿಸುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಮಂಡಿ ಹಿಡಿದುಕೊಳ್ಳುತ್ತಿದ್ದ. ಮುಂದಿದ್ದ ವಿರೂಪಾಕ್ಷ ತಿರುಗಿ, ಘಾಟಿ ಹತ್ತುವ ಹಳೆಯ ಲಾರಿಯ ಹಾಗೆ ಏದುಸಿರು ಬಿಟ್ಟು ತೋರಿಸಿದ. ಅಚ್ಚು ಕಲ್ಮೇಶನದೇ ಉಸಿರು. ಕಲ್ಮೇಶನೂ ನಕ್ಕ. ನಗುವುದಕ್ಕೆ ಬೇಕಾದಷ್ಟು ಗಾಳಿ ಮಾತ್ರ ಅವನಲ್ಲಿರಲಿಲ್ಲ.

ತುದಿಯಲ್ಲಿ ರೊಟ್ಟಿ ಮುಗಿದ ಮೇಲೆ ಕಲ್ಮೇಶ ಊರಿಗೆ ಫೋನ್ ಮಾಡಿದ.

"ಅಣ್ಣಾ, ನಾಡದು ಫಾರೆಸ್ಟ್ ಗಾರ್ಡ್ ನೌಕರಿ ಓಟಕ್ಕ ನಾ ಹೋಗೂದಿಲ್ಲ. ಭಾರ ಹೊತ್ತು ಗುಡ್ಡ ಹತ್ತಿದ್ರ ಓಡಾಕೂ ಆಗ್ತದಂತ ಮಾಡಿದ್ದೆ. ಒಂದು ರೊಟ್ಟಿ ಚೀಲ ಹೊರಾಕ ಆಗವಲ್ದು. ಮೈಯಾಗ ಏನೂ ಉಳಿದಿಲ್ಲ." ಫೋನ್ ಇಟ್ಟು ಗೆಳೆಯರತ್ತ ತಿರುಗಿದ. "ನಿಮಗೂ ತಡ ಮಾಡಿಬಿಟ್ಟೆ. ತಪ್ಪು ತಿಳೀಬ್ಯಾಡ್ರಿ."

ವಿರೂಪಾಕ್ಷನ ಕೈ ನನ್ನ ಬಾಯಿಗೆ ಬಂತು. ಈಗ ಕಲ್ಲು ತೆಗೆಯುತ್ತಾನೆ ಎಂದುಕೊಂಡೆ. ಅವನು ದಾರವನ್ನು ಇನ್ನಷ್ಟು ಬಿಗಿದ. "ಕೆಳಗ ಹೋಗಿ ಹೇಳಿದ್ರಾತು" ಎಂದು ದಾವಲನಿಗೆ ಪಿಸುಗುಟ್ಟಿ, "ತಾರಲೇ, ಇನ್ನು ನಾ ಹೊರ್ತೀನಿ" ಎಂದು ಕೈ ಚಾಚಿದ.

"ಹತ್ತೂದಂತೂ ಹಿಂಗಾತು, ಇಳಿಯೂದರೆ ನೆಟ್ಟಗ ಇಳೀತೀನಿ, ಬಿಡು" ಎಂದು ಕಲ್ಮೇಶ ನನ್ನನ್ನು ಬೆನ್ನಿಗೇರಿಸಿದ. ರೊಟ್ಟಿ ಖಾಲಿಯಾದರೂ ಭಾರ ಇಳಿದಿರಲಿಲ್ಲ. ಆಗಲೂ ಅವನು ಅನುಮಾನಿಸಿದ್ದು ತನ್ನ ಮೈಯನ್ನೇ, ನನ್ನನ್ನಲ್ಲ.

ಕಡಲತೀರದಲ್ಲೂ ಹೇಳದೆ ಇಬ್ಬರೂ ನೀರಿಗಿಳಿದರು. ಕಲ್ಮೇಶ ಮರಳಲ್ಲಿ ಕೂತೇ ಇದ್ದ. ದಾವಲ ನಡುಗುತ್ತ ಮೇಲೆ ಬಂದಾಗ ಟವೆಲ್ಲು ಕೊಡಲೆಂದು ಕಲ್ಮೇಶ ನನ್ನೊಳಗೆ ಕೈ ಹಾಕಿದ. ಕಲ್ಲು ಸಿಕ್ಕಿತು. ಇನ್ನೊಂದೂ ಸಿಕ್ಕಿತು. ಮೊಣಕಾಲುದ್ದ ನೀರಿನಲ್ಲಿದ್ದ ವಿರೂಪಾಕ್ಷ ಅಲ್ಲೇ ನಿಂತ.

"ಇವು ಮ್ಯಾಲ ಹತ್ತುವಾಗೂ ಇದ್ದುವೇನು?"

"ಹೂಂ" ಎಂದ ವಿರೂಪಾಕ್ಷ.

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಕಲ್ಮೇಶನ ಮುಖ ಮಾತ್ರ ಅರಳಿತು. "ಹಂಗಾರ ನನಗೇನೂ ಆಗಿಲ್ಲ!" ಎಂದವನೇ ಎದ್ದು, ಒದ್ದೆ ಮರಳಿನ ಮೇಲೆ ಮೀನುದೋಣಿಗಳವರೆಗೂ ಓಡಿದ, ಅಲ್ಲಿಂದ ತಿರುಗಿ ಓಡಿಬಂದು ವಿರೂಪಾಕ್ಷನನ್ನು ತಬ್ಬಿಕೊಂಡ.

"ಚಲೋ ಆತು ಬಿಡ್ಲೇ, ಕಲ್ಲು ಇದ್ದದ್ದು! ಅಣ್ಣಗ ಫೋನ್ ಹಚ್ಚು. ನನಗ ಉಸಿರಿಲ್ಲ, ನೀನಽ ಹೇಳು."

ವಿರೂಪಾಕ್ಷ ಹಚ್ಚಿದ. ಆ ಕಡೆಯಿಂದ "ಯಾರು?" ಎಂಬ ದನಿ ಬಂತು. "ನಾನ್ರೀ, ವಿರೂಪಾಕ್ಷ..." ಎಂದನಷ್ಟೇ. ಊರಿಗೆ ಊರನ್ನೇ ಮಾತಾಡಿಸುತ್ತಿದ್ದ ಗಂಟಲಿಗೆ ಮುಂದಿನ ಮಾತು ಸಿಗಲಿಲ್ಲ. ದಾವಲನೇ ಫೋನ್ ಕಸಿದುಕೊಂಡು ಉಳಿದದ್ದನ್ನು ಹೇಳಿದ.

ಕಲ್ಮೇಶ ಓಟಕ್ಕೆ ಹೋದ. ಆ ಸಲ ಆಗಲಿಲ್ಲ, ಮುಂದಿನ ಸಲ ಆಯ್ಕೆಯಾದ. ವಿರೂಪಾಕ್ಷನಿಗೆ ಮಾತ್ರ ನನ್ನ ಮುಖ ನೋಡಲಾಗಲಿಲ್ಲ. "ನೀ ಇಟ್ಕೋ" ಎಂದು ದಾವಲನಿಗೆ ಕೊಟ್ಟುಬಿಟ್ಟ. ದಾವಲ ತನ್ನ ಮೊಬೈಲ್ ರಿಪೇರಿ ಸಾಮಾನು ತುಂಬಿ ನನ್ನನ್ನು ಬಹಳ ವರ್ಷ ಹೊತ್ತ. ಈಗ ಅವನ ತಾಯಿ ಉಳ್ಳಾಗಡ್ಡಿ ತುಂಬಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದಾಳೆ. ಮೌಲಾಸಾಬ್ ಅಂದದ್ದು ಸುಳ್ಳಾಯಿತು, ಮೊದಲು ಹರಿದವನು ನಾನೇ.

ಹೊರುವುದೇ ಚೀಲದ ಧರ್ಮ ಎನ್ನುತ್ತಾರೆ. ಆದರೆ ಆ ದಿನ ಹೊತ್ತವನು ನಾನಲ್ಲ, ಕಲ್ಮೇಶ. ನಾನು ಅವನ ಬೆನ್ನ ಮೇಲೆ ಕೂತು, ಅವನ ಎದೆ ಬಡಿಯುವುದನ್ನು ಕೇಳುತ್ತ, ಸುಮ್ಮನಿದ್ದೆ. ನನ್ನ ಬಾಯಿಗಾದರೆ ದಾರ ಕಟ್ಟಿತ್ತು. ಇನ್ನಿಬ್ಬರ ಬಾಯಿಗೆ ಏನೂ ಕಟ್ಟಿರಲಿಲ್ಲ.