ಖಾಲಿ ಗುಳಿಗೆ

"ನಿಮ್ಮ ಕೇರಿ ರಕ್ತಕ್ಕ ಅಮೆರಿಕಾದಾಗ ಕಿಮ್ಮತ್ ಬಂತಲೇ ಮಾಯಾ. ನಿಮಗಷ್ಟ ಇನ್ನೂ ಬಂದಿಲ್ಲ ನೋಡು."

ಮುಂದಿನ ಸೀಟಿನಲ್ಲಿದ್ದ ದೇಸಾಯಿ ಡಾಕ್ಟರು ತಮ್ಮ ಮಾತಿಗೆ ತಾವೇ ನಕ್ಕರು. ಹಿಂದೆ ಗುಳಿಗೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾಯಪ್ಪನೂ ನಕ್ಕ. ಪಗಾರ ಕೊಡುವವರು ನಕ್ಕಾಗ ನಗುವುದೂ ಅವನ ಕೆಲಸದಲ್ಲೇ ಸೇರಿತ್ತು. ಜೀಪು ಸಂಕೇಶ್ವರ ದಾಟಿ ಕಣಗಲಾ ಕಡೆ ಓಡುತ್ತಿತ್ತು.

ಮಾಯಪ್ಪನ ಕೇರಿಯ ಬಸುರಿಯರ ಮೇಲೆ ಡಾಕ್ಟರು ಬರೆದ ಲೇಖನ ಪರದೇಶದ ಪತ್ರಿಕೆಯಲ್ಲಿ ಬಂದು ಹೆಸರು ಮಾಡಿತ್ತು.

"ಜಗತ್ತಿನಾಗ ಯಾವ ಡಾಕ್ಟರ್ ರಕ್ತ ಕಮ್ಮಿ ಆಗೂದರ ಮ್ಯಾಲೆ ಬರದ್ರೂ ಕೆಳಗ ನನ್ನ ಹೆಸರು ಹಾಕ್ಲೇಬೇಕು. ಒಬ್ಬ ನನ್ನ ನೋಡಿ ಬರೀತಾನ, ಅವನ್ನ ನೋಡಿ ಮತ್ತೊಬ್ಬ. ಇಂಥಾದ್ದು ಇನ್ನೊಂದು ಬರದ್ರ ಡೈರೆಕ್ಟರ್ ಖುರ್ಚಿ ನಂದ. ಇವತ್ತ ಮತ್ತ ಗುಳಗಿ ಹಂಚೂದು. ಮೊದಲಿನಂಗ ನೀ ಭಂಡಾರ ಮುಟ್ಟು, ಮುಗೀತು."

ಮಾಯಪ್ಪ ಪೆಟ್ಟಿಗೆಯನ್ನು ತೊಡೆಯಿಂದ ಕೆಳಗಿಳಿಸಿದ.

ಹಿಂದಿನ ಸಲ ಹೆಂಗಸರು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೂ ಗುಳಿಗೆ ನುಂಗಲು ಒಪ್ಪಿರಲಿಲ್ಲ. ಕೇರಿಯಲ್ಲಿ ಕಾಗದಕ್ಕೆ ಬೆಲೆಯಿಲ್ಲ. ಕೇರಿಯ ದೇವಿ ಮಾಯಕ್ಕನ ಭಂಡಾರ ಮುಟ್ಟಿ ಆಡಿದ ಮಾತೇ ಮಾತು. ಮಾಯಪ್ಪ ಆ ಅರಿಸಿನದಲ್ಲಿ ಕೈಯಿಟ್ಟು, ಇದು ರಕ್ತ ಹೆಚ್ಚಿಸುವ ಗುಳಿಗೆ ಎಂದು ಆಣೆ ಮಾಡಿದ್ದ. ನಂಬಿಯೇ ಮಾಡಿದ್ದ, ಅದು ಖರೆ. ಆಮೇಲೆ ಕೆಲವು ಹೆಂಗಸರು ಹೊರಕಡೆ ಕರ್ರಗೆ ಹೋಗುತ್ತದೆ ಎಂದು ದೂರಿದರು. ಉಳಿದವರಿಗೆ ಏನೂ ಇಲ್ಲ. ಯಾಕೆಂದು ಡಾಕ್ಟರನ್ನು ಕೇಳಿದ.

"ಕಬ್ಬಿಣ ಇದ್ದ ಗುಳಗಿಗೆ ಹಂಗ ಆಗತದ. ಅರ್ಧ ಮಂದಿಗೆ ಕೊಡೂದು ಖಾಲಿ ಗುಳಗಿ, ಬರೇ ಹಿಟ್ಟು. ಹೋಲಿಸಿ ನೋಡಬೇಕಲ್ಲ? ಬಾಯಿ ಬಿಟ್ಟಿ ಅಂದ್ರ ನೌಕರಿ ಹೋತು, ಭಾಡ್ಯಾ."

ಮಾಯಪ್ಪ ಬಾಯಿ ಬಿಡಲಿಲ್ಲ. ಕೇರಿಯ ಹಿರಿಯಳು ಯಲ್ಲಕ್ಕನ ಬಸುರಿ ಮಗಳು ರಾಮವ್ವನಿಗೆ ಕರ್ರಗೆ ಹೋಗುತ್ತಿರಲಿಲ್ಲ. ಆದರೂ ಅವಳು ಅವನ ಕೈಯಿಂದ ಗುಳಿಗೆ ಇಸಿದುಕೊಂಡು, "ಕಾಕಾ, ಮೈಯಾಗ ತ್ರಾಣ ಬಂದಂಗ ಆಗೇತಿ ನೋಡು" ಅನ್ನುತ್ತಿದ್ದಳು. ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತಳು. ಕೂಸೂ ಉಳಿಯಲಿಲ್ಲ. ಮಣ್ಣಿಗೆ ಹೋಗಿ ಬಂದ ಮಾಯಪ್ಪ ಮರುದಿನ ಎಂದಿನಂತೆ ಕೆಲಸಕ್ಕೆ ಹೋದ. ತನ್ನಂಥ ಹೇಡಿ ಈ ಸೀಮೆಯಲ್ಲೇ ಇಲ್ಲ ಎಂದು ಅವನಿಗೆ ಅಂದಿನಿಂದ ಅನ್ನಿಸುತ್ತಲೇ ಇತ್ತು.

ಜೀಪು ಕೇರಿ ಮುಟ್ಟಿದಾಗ ಮಾಯಕ್ಕನ ಗುಡಿಯ ಮುಂದೆ ಹೆಂಗಸರು ಕೂತಿದ್ದರು, ಬಸುರಿಯರು ಎಲ್ಲರಿಗಿಂತ ಮುಂದೆ. ಡಾಕ್ಟರು ಮೂಗಿಗೆ ಕರ್ಚೀಫು ಹಿಡಿದು ಜೀಪಿಗೆ ಒರಗಿದರು.

"ಲಗೂ ಮುಗಸಲೇ ಮಾಯಾ. ಪುಕ್ಕಟ ಔಷಧ ಕೊಟ್ರೂ ನಖರಾ ಮಾಡೂ ಜಾತಿ."

ಯಲ್ಲಕ್ಕ ಭಂಡಾರದ ತಾಟನ್ನು ಮಾಯಪ್ಪನ ಮುಂದೆ ಹಿಡಿದಳು. "ಹೇಳಪಾ ತಮ್ಮಾ, ಈ ಹುಡಿಗ್ಯಾರು ನುಂಗಬೇಕೋ ಬ್ಯಾಡೋ? ನೀ ಹೇಳಿದ್ರ ಆತು."

ಮಗಳನ್ನು ಕಳೆದುಕೊಂಡವಳು ಇನ್ನೂ ಅವನನ್ನೇ ನಂಬಿದ್ದಳು. ಬೈದಿದ್ದರೆ, ಉಗಿದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಭಂಡಾರದಲ್ಲಿ ಕೈಯಿಟ್ಟ.

"ಯಕ್ಕಾ, ರಾಮವ್ವಗ ನಾ ಕೊಟ್ಟಿದ್ದು ಖಾಲಿ ಗುಳಗಿ. ಅದರಾಗ ಔಷಧ ಇರಲಿಲ್ಲ. ನನಗ ಗೊತ್ತಿತ್ತು, ನೌಕರಿ ಸಲುವಾಗಿ ಸುಮ್ಮಕಿದ್ನಿ. ಈ ಪೆಟಗ್ಯಾಗೂ ಅರ್ಧ ಖಾಲಿನ ಅದಾವು."

ಡಾಕ್ಟರ ಮೂಗಿನಿಂದ ಕರ್ಚೀಫು ಕೆಳಗಿಳಿಯಿತು. "ಸೂಳೆಮಗ ಕುಡದು ಬಂದಾನ. ಹತ್ತಲೇ ಜೀಪು."

ಹತ್ತಲು ದಾರಿಯಿರಲಿಲ್ಲ. ಬಸುರಿಯರು ಒಬ್ಬೊಬ್ಬರಾಗಿ ಎದ್ದು ಸೊಂಟ ಹಿಡಿದುಕೊಂಡೇ ಜೀಪಿನ ಸುತ್ತ ನಿಂತರು. ಒಬ್ಬಳು ಪೆಟ್ಟಿಗೆ ಎಳೆದು ಗುಳಿಗೆಗಳನ್ನು ಗಟಾರಿಗೆ ಸುರಿದಳು. ಪೊಲೀಸರನ್ನು ಕರೆಸುತ್ತೇನೆ ಎಂದು ಡಾಕ್ಟರು ಕೂಗಾಡಿದರು. ಯಾರೂ ಸರಿಯಲಿಲ್ಲ.

ಹೇಳಿಬಿಟ್ಟೆನಲ್ಲ ಎಂದು ಮಾಯಪ್ಪನಿಗೆ ಸ್ವಲ್ಪ ಹಗುರಾಯಿತು. ತನ್ನವರ ಜೊತೆ ನಿಲ್ಲಲು ಹೆಜ್ಜೆಯೆತ್ತಿದ. ಯಲ್ಲಕ್ಕ ಅಡ್ಡ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಈ ಕಡೆ ಬರಬ್ಯಾಡ. ಹೋಗು, ಅವನ ಬಾಜೂಕ ನಿಂದ್ರು."

ಮಾಯಪ್ಪ ಹೋಗಿ ಡಾಕ್ಟರ ಪಕ್ಕದಲ್ಲಿ ನಿಂತ. ಹೆಂಗಸರು ಇನ್ನೊಂದು ಹೆಜ್ಜೆ ಮುಂದೆ ಬಂದರು.